ಮಳೆಯಲ್ಲಿ ಶೃಂಗೇರಿ ದಾರಿ: ಮೊದಲು ಧರೆ ನೋಡಿ

ಜುಲೈ ಬಂತು ಅಂದ್ರೆ ಬೆಂಗಳೂರಿನ ಆಫೀಸು ಗ್ರೂಪುಗಳಲ್ಲಿ ಒಂದೇ ಪ್ಲ್ಯಾನ್ ಓಡಾಡುತ್ತೆ. ರಾತ್ರಿ ಹೊರಟು ಬೆಳಿಗ್ಗೆ ಶೃಂಗೇರಿ, ಮಧ್ಯಾಹ್ನ ಸಿರಿಮನೆ ಜಲಪಾತ, ರಾತ್ರಿ ಕೊಪ್ಪದ ಕಡೆ ಯಾವುದಾದ್ರೂ ಹೋಂಸ್ಟೇ, ಮಾರನೇ ದಿನ ವಾಪಸ್. ಮಲೆನಾಡನ್ನು ಮಳೆಯಲ್ಲೇ ನೋಡಬೇಕು ಅನ್ನುವವರ ಪಕ್ಷ ನನ್ನದೂ. ಬೇಸಿಗೆಯಲ್ಲಿ ಕಾಣದ ಎಷ್ಟೋ ತೊರೆಗಳು ಆಗ ರಸ್ತೆ ಪಕ್ಕಕ್ಕೇ ಬಂದು ಇಳಿಯುತ್ತವೆ. ಆದರೆ ಹೊರಡುವ ಮೊದಲು ಈ ಸೀಮೆಯ ಒಂದು ಪದ ಕಲಿತುಕೊಳ್ಳಿ: ಧರೆ.

ಪದ್ಯದಲ್ಲಿ ಧರೆ ಅಂದ್ರೆ ಇಡೀ ಭೂಮಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಧರೆ ಅಂದ್ರೆ ಗುಡ್ಡ ಕಡಿದ ಜಾಗದಲ್ಲಿ ಗೋಡೆಯ ಹಾಗೆ ನಿಂತ ಮಣ್ಣು. ಮನೆ ಹಿಂದೆ ಒಂದು ಧರೆ, ರಸ್ತೆ ಬದಿಗೆ ಇನ್ನೊಂದು. 'ಧರೆ ಕುಸಿದು ಮನೆಗೆ ಹಾನಿ' ಅನ್ನೋ ಸುದ್ದಿ ಮಳೆಗಾಲದ ಪೇಪರಿನ ಒಳಪುಟದಲ್ಲಿ ಬರುತ್ತಲೇ ಇರುತ್ತೆ. ನಾವು ಪುಟ ತಿರುಗಿಸಿ ಮುಂದೆ ಹೋಗ್ತೀವಿ.

ಈ ಸಲ ನಮ್ಮ ನಾಲ್ವರ ಪೈಕಿ ಒಬ್ಬ ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಲಿತು, ಹಿಮಕುಸಿತದ ಸುರಕ್ಷತಾ ತರಬೇತಿಯನ್ನೂ ಮುಗಿಸಿ ಬಂದವ. ಹಿಮಕುಸಿತ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಸಿಯಾಚಿನ್. 2016ರ ಫೆಬ್ರುವರಿಯಲ್ಲಿ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಿದ್ದರು. ಇಡೀ ರಾಜ್ಯ ಟಿವಿ ಮುಂದೆ ಕೂತು ಹರಕೆ ಹೊತ್ತಿತ್ತು. ಅದೇ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ನಮ್ಮ ಸ್ನೇಹಿತ ಹೇಳುವ ಪ್ರಕಾರ ಅದು ಅಪರೂಪದಲ್ಲಿ ಅಪರೂಪ. ಹಿಮದಲ್ಲಿ ಹೂತವರನ್ನು ಮೊದಲ 15 ನಿಮಿಷದೊಳಗೆ ಹೊರಗೆಳೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರಂತೆ. 35 ನಿಮಿಷ ದಾಟಿದರೆ ಹತ್ತರಲ್ಲಿ ಮೂವರು. ಅದಕ್ಕೇ ಅವರು ಮೈಮೇಲೆ ಸಿಗ್ನಲ್ ಕೊಡುವ ಯಂತ್ರ, ಬೆನ್ನಿಗೆ ಸಲಿಕೆ, ಚುಚ್ಚಿ ಹುಡುಕುವ ಉದ್ದನೆ ಕೋಲು ಇಟ್ಟುಕೊಂಡೇ ಇಳಿಯೋದು.

ಶಿವಮೊಗ್ಗದಿಂದ ನಾವು ನರಸಿಂಹರಾಜಪುರದ ದಾರಿ ಹಿಡಿದೆವು. ಎನ್.ಆರ್. ಪುರದ ಹಳೇ ಹೆಸರು ಎಡೇಹಳ್ಳಿ. ಇಲ್ಲಿ ನೆಲ ಇನ್ನೂ ಸೌಮ್ಯ. ಒಂದು ಕಡೆ ಭದ್ರಾ ಹಿನ್ನೀರು ಹರಡಿಕೊಂಡಿದೆ, ಗುಡ್ಡಗಳು ಮೆಲ್ಲಗೆ ಏಳುತ್ತವೆ. ಸ್ನೇಹಿತ ಕಿಟಕಿಯಿಂದ ಇಳಿಜಾರು ಅಳೆಯುತ್ತಾ ಕೂತಿದ್ದ. ಹಿಮ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಕಡಿಮೆಯಾದರೆ ಸುಮ್ಮನೆ ಕೂರುತ್ತೆ, ತೀರಾ ಕಡಿದಾದರೆ ರಾಶಿಯಾಗುವ ಮೊದಲೇ ಉದುರಿಹೋಗುತ್ತೆ. "ಇಲ್ಲೇನೂ ಭಯ ಇಲ್ಲ ಬಿಡು" ಅಂದ. ಕೊಪ್ಪದ ಕಡೆಗೆ ಹೋಗ್ತಾ ಹೋಗ್ತಾ ರಸ್ತೆಯ ಎರಡೂ ಬದಿ ಕೆಂಪು ಗೋಡೆಗಳು ಎದ್ದವು. ಹದಿನೈದು ಅಡಿ, ಇಪ್ಪತ್ತು ಅಡಿ, ಕೆಲವು ಕಡೆ ನೆಟ್ಟಗೆ. ಅವನು ಸುಮ್ಮನಾದ. ಹಿಮವಾದರೆ ಇಷ್ಟು ನೆಟ್ಟಗೆ ನಿಲ್ಲೋದೇ ಇಲ್ಲ. ಮಣ್ಣು ನಿಲ್ಲುತ್ತೆ, ಒಣಗಿರುವಷ್ಟು ದಿನ.

ಕೊಪ್ಪದ ಹತ್ತಿರ ನಾವು ಉಳಿದ ಮನೆಗೂ ಹಿಂದೆ ಧರೆ ಇತ್ತು. ಕಾರನ್ನು ಅದರ ನೆರಳಿಗೆ ತಿರುಗಿಸಿದ್ದೇ ತಡ, ಮನೆಯ ಅಮ್ಮ ಸೆರಗು ತಲೆ ಮೇಲೆ ಎಳೆದುಕೊಂಡು ಮಳೆಯಲ್ಲೇ ಓಡಿ ಬಂದರು. "ಅಲ್ಲಿ ಹಾಕ್ಬೇಡಿ ಮಾರಾಯ್ರೆ, ಧರೆ ಬುಡ ಅದು. ಈಚೆ ಅಂಗಳಕ್ಕೆ ತನ್ನಿ."

ಕಾಫಿ ಕುಡಿದ ಮೇಲೆ ಮನೆಯ ಯಜಮಾನರು ಕೊಡೆ ಹಿಡಿದು ನಮ್ಮನ್ನು ಧರೆಯ ಮೇಲಕ್ಕೆ ಕರೆದೊಯ್ದರು. ಅಲ್ಲಿ, ಅಂಚಿನಿಂದ ಸ್ವಲ್ಪ ಹಿಂದೆ, ಅಡ್ಡಡ್ಡಲಾಗಿ ಒಂದು ಚರಂಡಿ. ಮೇಲಿನ ಬ್ಯಾಣದಿಂದ ಇಳಿದು ಬರುವ ನೀರು ಧರೆಯ ನೆತ್ತಿಗೆ ಬೀಳದ ಹಾಗೆ ಅದನ್ನು ಪಕ್ಕದ ಹಳ್ಳಕ್ಕೆ ತಿರುಗಿಸುವ ಕೆಲಸ ಆ ಚರಂಡಿಯದ್ದು. ಆರಿದ್ರಾ ಮಳೆ ಹಿಡಿಯುವ ಮೊದಲು ಅದರಲ್ಲಿ ತುಂಬಿದ ದರಗು ತೆಗೆಯೋದು ಅವರ ವರ್ಷದ ಕೆಲಸಗಳಲ್ಲಿ ಒಂದು. ಹಳೇ ಮಲೆನಾಡಿನ ಮನೆ ಕಟ್ಟಿದ ಕ್ರಮವೇ ಹಾಗೆ: ಮೇಲೆ ಸೊಪ್ಪಿನಬೆಟ್ಟ, ನಡುವೆ ಮನೆ, ಕೆಳಗೆ ಅಡಿಕೆ ತೋಟ, ತೋಟದಲ್ಲಿ ಬಸಿಗಾಲುವೆ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಅನ್ನೋದನ್ನು ಮೊದಲು ಯೋಚಿಸಿ, ಆಮೇಲೆ ಮನೆಗೆ ಪಾಯ ತೆಗೀತಿದ್ದರು. ಗುದ್ದಲಿ, ಹಾರೆಯಲ್ಲಿ ಗುಡ್ಡ ಕಡಿಯುವವನು ಬೇಕಾದ್ದಕ್ಕಿಂತ ಒಂದಡಿ ಹೆಚ್ಚು ಕಡಿಯೋದಿಲ್ಲ, ಸೊಂಟ ಬೀಳುತ್ತಲ್ಲ! ಈಗ ಜೆಸಿಬಿ ಒಂದೇ ದಿನದಲ್ಲಿ ಇಪ್ಪತ್ತಡಿ ಧರೆ ಮಾಡಿ ಕೊಡುತ್ತೆ. ಮೇಲೆ ಚರಂಡಿ ಮಾಡೋದು ಮಾತ್ರ ಯಾರ ಬಿಲ್ಲಿನಲ್ಲೂ ಇರೋದಿಲ್ಲ. ನನ್ನ ಕೇಳಿದ್ರೆ, ಮಳೆ ಹೆಚ್ಚಾಗಿದ್ದಕ್ಕಿಂತ ಗುಡ್ಡದ ಬುಡ ಕಡಿಯೋದು ಸುಲಭವಾಗಿದ್ದೇ ದೊಡ್ಡ ತೊಂದರೆ.

ಹಿಮಕ್ಕೂ ಮಣ್ಣಿಗೂ ಒಳಗಿನ ಲೆಕ್ಕ ಹೆಚ್ಚುಕಡಿಮೆ ಒಂದೇ ಅನ್ನೋದು ಆ ಸಂಜೆ ಜಗಲಿಯಲ್ಲಿ ಗೊತ್ತಾಯ್ತು. ಹಿಮದಲ್ಲಿ ಹಳೇ ಪದರಗಳ ನಡುವೆ ಎಲ್ಲೋ ಒಂದು ದುರ್ಬಲ ಪದರ ಇರುತ್ತೆ. ಮೇಲೆ ಹೊಸ ಹಿಮದ ಭಾರ ಬೀಳುತ್ತೆ. ಒಬ್ಬ ಮನುಷ್ಯ ಹಾದು ಹೋದರೆ ಸಾಕು, ಇಡೀ ಹಾಸು ಬಿರುಕು ಬಿಟ್ಟು ಜಾರುತ್ತೆ. ನಮ್ಮಲ್ಲಿ ಕೆಳಗೆ ಬಂಡೆ, ಅದರ ಮೇಲೆ ಬಂಡೆಯೇ ಸವೆದು ಆದ ದಪ್ಪನೆಯ ಕೆಮ್ಮಣ್ಣು. ವಾರಗಟ್ಟಲೆ ಜಡಿಮಳೆ ಹಿಡಿದರೆ ಮಣ್ಣಿನ ಕಣಗಳ ನಡುವಿನ ಜಾಗವೆಲ್ಲ ನೀರು. ಭಾರವೂ ಹೆಚ್ಚುತ್ತೆ, ಒಳಗಿನ ನೀರು ಕಣಗಳನ್ನು ದೂರ ತಳ್ಳಿ ಹಿಡಿತವನ್ನೂ ಸಡಿಲ ಮಾಡುತ್ತೆ. ಬುಡ ಮೊದಲೇ ಕಡಿದಾಗಿದೆ. ಮಣ್ಣು ನೀರು ಕುಡಿಯೋದಕ್ಕೂ ಒಂದು ಮಿತಿ ಇದೆಯಲ್ಲ?

ವ್ಯತ್ಯಾಸ ಇರೋದು ಆಮೇಲಿನ ಭಾಗದಲ್ಲಿ. ಹಿಮದೊಳಗೆ ಸ್ವಲ್ಪವಾದರೂ ಗಾಳಿ ಇರುತ್ತೆ, ಗೆಳೆಯರ ಕೈಯಲ್ಲಿ ಸಲಿಕೆ ಇರುತ್ತೆ. ನೀರು ಕುಡಿದ ಕೆಮ್ಮಣ್ಣು ಮರ, ಬಂಡೆ ಸಮೇತ ಬಂದು ಗಾರೆಯ ಹಾಗೆ ಕೂರುತ್ತೆ. ಅದನ್ನು ಸಲಿಕೆಯಲ್ಲಿ ತೆಗೆಯೋಕಾಗಲ್ಲ. ಹಾಗಾಗಿ ಸ್ನೇಹಿತನ ತರಬೇತಿಯಲ್ಲಿ ರಕ್ಷಣೆಯ ಅಧ್ಯಾಯ ನಮಗೆ ಅಷ್ಟು ಉಪಯೋಗಕ್ಕೆ ಬರಲ್ಲ. ಅದಕ್ಕಿಂತ ಮೊದಲಿನ ಅಧ್ಯಾಯ, ಅಂದ್ರೆ ಎಲ್ಲಿ ನಿಲ್ಲಬಾರದು ಅನ್ನೋದು, ಪೂರ್ತಿ ಬೇಕು.

ಮಾರನೇ ದಿನ ಶೃಂಗೇರಿ. ತುಂಗೆ ಕೆಂಪಾಗಿ, ಮೆಟ್ಟಿಲು ನುಂಗಿ ಹರೀತಿದ್ದಳು. ಮಳೆ ಜೋರಾದರೆ ಇಲ್ಲಿನ ಗಾಂಧಿ ಮೈದಾನಕ್ಕೇ ಹೊಳೆ ನುಗ್ಗುತ್ತೆ. ಪ್ರವಾಸಿಗರು ಕಾರು ನಿಲ್ಲಿಸೋದು ಅಲ್ಲೇ, ಆದ್ದರಿಂದ ದರ್ಶನಕ್ಕೆ ಹೋಗುವ ಮೊದಲು ಅಲ್ಲಿನ ಅಂಗಡಿಯವರನ್ನು ಒಂದು ಮಾತು ಕೇಳಿ. ಸುಮಾರು ಹತ್ತು ಕಿಲೋಮೀಟರ್ ಆಚೆ ಕಿಗ್ಗ. ಮಳೆ ಬೇಕಾದಾಗಲೂ, ಮಳೆ ಅತಿಯಾದಾಗಲೂ ಜನ ಮೊರೆ ಹೋಗುವ ಋಷ್ಯಶೃಂಗ ಇರೋದು ಅಲ್ಲೇ.

ಅಲ್ಲಿಂದ ಬಂದು ರಾಷ್ಟ್ರೀಯ ಹೆದ್ದಾರಿ 169ರಲ್ಲಿ ನೆಮ್ಮಾರಿನ ಕಡೆ ಸ್ವಲ್ಪ ದೂರ ಹೋದೆವು. ಇದೇ ರಸ್ತೆ ಮುಂದೆ ಕೆರೆಕಟ್ಟೆಯ ಕಾಡು ದಾಟಿ, ಎಸ್.ಕೆ. ಬಾರ್ಡರ್ ದಾಟಿ ಕಾರ್ಕಳಕ್ಕೆ ಇಳಿಯುತ್ತೆ. ಸೌತ್ ಕೆನರಾ ಅನ್ನೋ ಜಿಲ್ಲೆಯ ಹೆಸರು ಯಾವತ್ತೋ ಹೋಯ್ತು, ಬಾರ್ಡರ್ ಮಾತ್ರ ಉಳಿದಿದೆ! ಚೆಂದದ ದಾರಿ, ಅನುಮಾನವಿಲ್ಲ. ಕೆಲವು ಕಡೆ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ತುಂಗೆ. ಇಂಥ ಜಾಗಕ್ಕೆ ಸ್ನೇಹಿತನ ತರಬೇತಿಯಲ್ಲಿ 'ನೆಲದ ಬೋನು' ಅನ್ನೋ ಅರ್ಥದ ಹೆಸರೇ ಇದೆಯಂತೆ. ಮೇಲಿಂದ ಬಂದದ್ದು ಸಣ್ಣದಾದರೂ ತಪ್ಪಿಸಿಕೊಳ್ಳೋಕೆ ಪಕ್ಕದಲ್ಲಿ ಜಾಗ ಇರೋದಿಲ್ಲ.

ಆ ಮಾತು ಕೇಳಿದ್ದೇ ನಮಗೆಲ್ಲ ಶಿರೂರು ನೆನಪಾಯ್ತು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದಾಗ ಕೆಳಗಿದ್ದದ್ದು ಒಂದು ಚಹಾ ಅಂಗಡಿ, ನಿಂತ ವಾಹನಗಳು, ಆಚೆಗೆ ಗಂಗಾವಳಿ ನದಿ. ಹೊಳೆಯೊಳಗೆ ಬಿದ್ದ ಒಂದು ಲಾರಿ ಸಿಕ್ಕಿದ್ದು ಎರಡು ತಿಂಗಳ ಮೇಲೆ, ಸೆಪ್ಟೆಂಬರ್ 25ಕ್ಕೆ. ಕಡಿದ ಗುಡ್ಡ, ರಸ್ತೆ, ನದಿ, ನಡುವೆ ಚಹಾಕ್ಕೆ ನಿಲ್ಲುವ ಜನ. ಮಳೆಗಾಲದಲ್ಲಿ ನಾವೆಲ್ಲ ಖುಷಿಯಿಂದ ನಿಲ್ಲೋ ಜಾಗದ ನಕ್ಷೆಯೇ ಅದು. ನೆಮ್ಮಾರಿನ ದಾರಿಯಲ್ಲೂ ಒಂದು ಧರೆಯಿಂದ ನೀರು ಧುಮುಕುವ ಕಡೆ ಮೂರು ಕಾರು ನಿಂತಿದ್ದವು, ರೀಲ್ಸ್ ನಡೀತಿತ್ತು. ಒಂದು ಕಾರು ನಿಂತದ್ದು ನೋಡಿ ಇನ್ನೊಂದು ನಿಲ್ಲುತ್ತೆ. ಹಿಮದಲ್ಲೂ ಹೀಗೇ ಅಂತೆ. ಮುಂದೆ ಹೋದವರ ಸ್ಕೀ ಗುರುತು ಕಂಡರೆ ಹಿಂದಿನವರು ಇಳಿಜಾರನ್ನೇ ನೋಡದೆ ಹಿಂಬಾಲಿಸುತ್ತಾರೆ. ನಿಲ್ಲಬೇಕು ಅನಿಸಿದರೆ ಧರೆ ಮುಗಿದು, ಎರಡೂ ಬದಿ ಬಯಲೋ ಗದ್ದೆಯೋ ಸಿಗುವ ತನಕ ತಡೆಯಿರಿ. ಹೊಸದಾಗಿ ಮಣ್ಣು ಬಿದ್ದ ಜಾಗ ದಾಟಲೇಬೇಕಾದರೆ ಒಂದೊಂದೇ ಕಾರು ಹೋಗಲಿ, ಉಳಿದವರು ದೂರದಲ್ಲಿ ನಿಂತು ಮೇಲೆ ನೋಡ್ತಾ ಇರಲಿ.

ನೋಡೋದು ಏನನ್ನ? ಧರೆಯ ಮೇಲಂಚಿನಲ್ಲಿ ಬಾಯಿಬಿಟ್ಟ ಬಿರುಕು. ನಿನ್ನೆ ನೆಟ್ಟಗಿದ್ದು ಇವತ್ತು ವಾಲಿದ ಮರ, ಕರೆಂಟ್ ಕಂಬ. ಇಲ್ಲದ ಕಡೆ ಹೊಸದಾಗಿ ಎದ್ದ ಒರತೆ, ಅದರಲ್ಲೂ ಕೆಸರು ಬಣ್ಣದ ನೀರು. ಉದುರುವ ಸಣ್ಣ ಕಲ್ಲು. ಹೋಂಸ್ಟೇಯಲ್ಲಿ ಸರಾಗವಾಗಿದ್ದ ಬಾಗಿಲು ಇದ್ದಕ್ಕಿದ್ದಂತೆ ಸಿಕ್ಕಿಹಾಕಿಕೊಂಡರೆ ಅದನ್ನೂ ಮಳೆಯ ತಂಪಿಗೆ ಉಬ್ಬಿದ್ದು ಅಂತ ಬಿಟ್ಟುಬಿಡಬೇಡಿ, ಹಿಂದೆ ಹೋಗಿ ಒಮ್ಮೆ ನೋಡಿ. ಎಲ್ಲಕ್ಕಿಂತ ಮೋಸದ್ದು ಜೋರು ಮಳೆಯಲ್ಲಿ ಹಳ್ಳದ ನೀರು ಏಕಾಏಕಿ ಕಡಿಮೆಯಾಗೋದು. ಮೇಲೆಲ್ಲೋ ಮಣ್ಣು, ಮರ ಅಡ್ಡ ಬಿದ್ದು ನೀರು ಕಟ್ಟಿಕೊಂಡಿದ್ದರೆ ಹಾಗಾಗುತ್ತೆ; ಆ ಕಟ್ಟೆ ಒಡೆದಾಗ ಕೆಳಗೆ ಯಾರೂ ಇರಬಾರದು. ಓಡುವ ಪ್ರಸಂಗ ಬಂದರೆ ಕೆಳಕ್ಕಲ್ಲ, ಅಡ್ಡಕ್ಕೆ ಓಡಿ. ರಾತ್ರಿ ಮಲಗೋಕೆ ಧರೆಯ ಕಡೆಯ ಕೋಣೆ ಬೇಡ, ಅಂಗಳದ ಕಡೆಯದ್ದು ಕೇಳಿ. ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತಿಗೆ 112.

ಹಿಮದ ನಾಡುಗಳಲ್ಲಿ ಹೊರಡುವ ಮುನ್ನ ಒಂದರಿಂದ ಐದರವರೆಗಿನ ಅಪಾಯದ ಮಟ್ಟ ನೋಡ್ತಾರೆ. ನಮಗೆ ಹವಾಮಾನ ಇಲಾಖೆಯ ಬಣ್ಣಗಳಿವೆ. 24 ಗಂಟೆಯಲ್ಲಿ 115.6 ಮಿ.ಮೀ. ದಾಟಿದರೆ 'ಅತಿ ಭಾರಿ', 204.4 ದಾಟಿದರೆ ಅದಕ್ಕೂ ಮೇಲಿನ ವರ್ಗ. ಆದರೆ ಆ ಬಣ್ಣ ನಾಳೆಯ ಮಳೆಯನ್ನು ಹೇಳುತ್ತೆ, ಹೋದ ಹತ್ತು ದಿನ ನೆನೆದ ಈ ಧರೆಯನ್ನಲ್ಲ. ಅದಕ್ಕಿಂತ ಸ್ಥಳೀಯವಾದ ಇನ್ನೊಂದು ಸೂಚನೆ ಇದೆ, ಇಲ್ಲಿನ ಮಕ್ಕಳೆಲ್ಲ ಬೆಳಿಗ್ಗೆ ಎದ್ದ ಕೂಡಲೇ ನೋಡುವಂಥದ್ದು: ಮಳೆ ರಜೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಅದನ್ನು ಎಷ್ಟೋ ಸಲ ತಾಲ್ಲೂಕುವಾರು ಕೊಡ್ತಾರೆ. ಶೃಂಗೇರಿ, ಕೊಪ್ಪ, ಎನ್.ಆರ್. ಪುರದ ಶಾಲೆಗಳಿಗೆ ರಜೆ ಅಂತ ಬಂದರೆ, ಅಲ್ಲಿ ಹುಟ್ಟಿ ಬೆಳೆದ ಮಕ್ಕಳೇ ಆ ದಿನ ಆ ರಸ್ತೆಯಲ್ಲಿ ಓಡಾಡೋದು ಬೇಡ ಅಂತ ತಾನೇ ಅರ್ಥ?

ಮೂರನೇ ದಿನ ನಮ್ಮ ಪ್ಲ್ಯಾನ್ ಕೆರೆಕಟ್ಟೆ ದಾರಿಯಲ್ಲಿ ಕಾರ್ಕಳಕ್ಕೆ ಇಳಿಯೋದಿತ್ತು. ಮುಂದಿನ ರೂಮಿಗೆ ದುಡ್ಡೂ ಕಟ್ಟಿಯಾಗಿತ್ತು. ಬೆಳಿಗ್ಗೆ ಮನೆಯ ಮೊಮ್ಮಗಳು "ರಜೆ ರಜೆ" ಅಂತ ಜಗಲಿ ತುಂಬಾ ಕುಣೀತಿದ್ದಳು. ಸ್ನೇಹಿತನ ತರಬೇತಿಯ ಒಂದು ನಿಯಮವನ್ನು ಮೊದಲ ದಿನವೇ ನಾವು ಒಪ್ಪಿಕೊಂಡಿದ್ವಿ: ಗುಂಪಿನಲ್ಲಿ ಒಬ್ಬರು ಬೇಡ ಅಂದರೂ ಬೇಡ, ಕಾರಣ ಕೇಳೋ ಹಾಗಿಲ್ಲ. ಹಿಂದಿನ ಸೀಟಿನಲ್ಲಿ ಎರಡು ದಿನ ಹೆಚ್ಚು ಮಾತೇ ಆಡದವಳು ಕಡುಬು ಮುರೀತಾ "ಬೇಡ" ಅಂದಳು. ಅಷ್ಟೇ. ಯಜಮಾನರು ಸಲಿಕೆ ತಗೊಂಡು ಮೇಲಿನ ಚರಂಡಿ ನೋಡೋಕೆ ಹೋದರು. ನಮ್ಮಲ್ಲೊಬ್ಬ ಹತ್ತು ಗಂಟೆಯ ಮೀಟಿಂಗಿಗೆ ಅಂಗಳದ ಮೂಲೆಯಲ್ಲಿ ಕೊಡೆ ಹಿಡಿದು ನಿಂತ. ಆ ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಧರೆಯಿಂದ ಅತಿ ದೂರದ ಆ ಮೂಲೆಯಲ್ಲಿ ಮಾತ್ರ.