ಮಾಸಿದ ಚೀಟಿ

ನಮ್ಮ ಪ್ರೌಢಶಾಲೆಯ ಗಂಟೆಯನ್ನು ವೇಳೆಗೆ ಸರಿಯಾಗಿ ತಾನೇ ಬಾರಿಸುವ ಯಂತ್ರವನ್ನು 1995ರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಮಾಡಿಕೊಟ್ಟಿದ್ದ. ವೇಳಾಪಟ್ಟಿಯೆಲ್ಲ ಒಂದು ಇಪ್ರಾಮ್ ಚಿಪ್‌ನಲ್ಲಿತ್ತು. ಧೂಳೊರೆಸುವಾಗ ಅದರ ಮೇಲಿನ ಮಾಸಿದ ಚೀಟಿಯನ್ನು ಕಿತ್ತೆ. ಅಡಿಯಲ್ಲೊಂದು ಪುಟ್ಟ ಗಾಜಿನ ಕಿಟಕಿ! ಮಕ್ಕಳಿಗೆ ತೋರಿಸಿ, ತೆರೆದ ಯಂತ್ರವನ್ನು ಬಿಸಿಲು ಬೀಳುವ ಜಗಲಿಯಲ್ಲೇ ಮರೆತೆ. ದಸರಾ ರಜೆ ಮುಗಿದಾಗ ಗಂಟೆ ಮೂಕವಾಗಿತ್ತು.

"ಸರ್, ಅತಿನೇರಳೆ ದೀಪದಡಿ 20 ನಿಮಿಷದಲ್ಲಿ ಅಳಿಸಲೆಂದೇ ಆ ಕಿಟಕಿ. ನೇರ ಬಿಸಿಲಿಗೆ ಸುಮಾರು ಒಂದು ವಾರ ಸಾಕು. ಟ್ಯೂಬ್‌ಲೈಟಿಗೆ ಸುಮಾರು 3 ವರ್ಷ. ಬೆಳಕು ತೂರದ ಚೀಟಿಯೇ ಅದಕ್ಕೆ ರಕ್ಷೆ" ಎಂದ ಅವನು, ತನ್ನಲ್ಲಿದ್ದ ಪ್ರತಿಯಿಂದ ಮತ್ತೆ ಬರೆದು ಹೊಸ ಚೀಟಿ ಅಂಟಿಸಿದ.

ಬೆಳಕೆಂದರೆ ಅರಿವು ಎಂದೇ ಪಾಠ ಹೇಳಿದವನು ನಾನು. ಬರೆದುದನ್ನು ಅಳಿಸುವ ಬೆಳಕೂ ಉಂಟೆಂದು ಶಿಷ್ಯನೇ ಕಲಿಸಿದ.