ಏನೂ ಮಾಡಲ್ಲ, ಬನ್ನಿ...

ನಾಯಿ ಸಾಕಿದವರ ಮನೆ ಗೇಟಿನ ಹೊರಗೆ ನಿಂತು ಈ ಮಾತು ಕೇಳದೇ ಇದ್ದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಒಳಗಿನ ಆಸಾಮಿ ಕುತ್ತಿಗೆಯ ಕೂದಲು ನಿಮಿರಿಸಿಕೊಂಡು, ಸರಳಿನ ಸಂದಿಯಲ್ಲಿ ಮೂತಿ ತೂರಿಸಿ, ನಮ್ಮ ಏಳು ತಲೆಮಾರಿನ ಮೇಲೆ ದ್ವೇಷ ಇರೋ ಥರ ಬೊಗಳ್ತಾ ಇರುತ್ತೆ. ಅದರ ಹಿಂದೆ ಮನೆಯವರು ನಗುನಗುತ್ತಾ ನಿಂತಿರ್ತಾರೆ. "ಅಯ್ಯೋ, ಅದೇನೂ ಮಾಡಲ್ಲ, ನೀವು ಬನ್ನಿ!" ಬಂದ ಮೇಲೆ ಮಾಡಿದರೆ ಏನು ಅನ್ನೋದಕ್ಕೆ ಅವರ ಹತ್ತಿರ ಉತ್ತರ ಇರಲ್ಲ, ನಮ್ಮ ಹತ್ತಿರ ಕೇಳೋ ಧೈರ್ಯ ಇರಲ್ಲ :-)

ತಮಾಷೆಯಾಗಿ ಶುರು ಮಾಡಿದೆ, ಆದರೆ ಹೇಳಹೊರಟಿರೋದು ತಮಾಷೆಯ ವಿಷಯ ಅಲ್ಲ. ಬಹಳ ದಿನದಿಂದ ಬರೀಬೇಕು ಅಂತ ಇತ್ತು, ಕೈ ಬರ್ತಿರಲಿಲ್ಲ.

2024ರ ನವೆಂಬರಿನಲ್ಲಿ ಅಮ್ಮ ಊರಿಂದ ಬಂದಿದ್ದಳು. ಅಮ್ಮ ಬೆಂಗಳೂರಿಗೆ ಬಂದರೆ ಬೆಳಿಗ್ಗೆ ಆರೂವರೆಗೆಲ್ಲ ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಹೊರಟುಬಿಡ್ತಾಳೆ. ವಾಕಿಂಗ್ ಅಂತ ಹೆಸರಿಗೆ. ನಿಜವಾದ ಉದ್ದೇಶ ಕಂಡವರ ಕಾಂಪೌಂಡಿನಿಂದ ರಸ್ತೆಗೆ ಚಾಚಿಕೊಂಡ ದಾಸವಾಳ, ನಂದಿಬಟ್ಟಲು ಕೊಯ್ಯೋದು. ಅವತ್ತು ನಾನೂ ಜೊತೆಗಿದ್ದೆ. ಹಾಲಿನ ಬೂತಿನ ಹತ್ತಿರ ನಾನು ನಿಂತೆ, ಅಮ್ಮ ಮುಂದೆ ನಡೆದಳು.

ಪಾರ್ಕಿನ ತಿರುವಿನಿಂದ ಒಂದು ರಾಟ್‌ವೀಲರ್ ಬಂತು. ಕರೀ ಮೈ, ಕರುವಿನ ಗಾತ್ರದ ತಲೆ. ಅದರ ಯಜಮಾನರು ಐವತ್ತು ಹೆಜ್ಜೆ ಹಿಂದೆ ಫೋನಿನಲ್ಲಿ ಮಾತಾಡ್ತಾ ಬರ್ತಿದ್ದರು. ನಾಯಿಯ ಕೊರಳಲ್ಲಿ ಇರಬೇಕಾದ ಚೈನು ಅವರ ಕೊರಳಲ್ಲಿತ್ತು, ಶಾಲಿನ ಥರ. ಅಮ್ಮ ಗಕ್ಕನೆ ನಿಂತದ್ದು ಕಾಣಿಸಿತು. ಆಮೇಲೆ ಕೇಳಿಸಿದ್ದು ಅದೇ ಮಾತು: "ಹೆದರ್ಬೇಡಿ ಆಂಟಿ, ಏನೂ ಮಾಡಲ್ಲ! ಓಡ್ಬೇಡಿ ಅಷ್ಟೇ!"

ಅಮ್ಮ ಓಡಲಿಲ್ಲ. ಅರವತ್ತೆಂಟು ವರ್ಷದ, ಮಂಡಿನೋವಿನ ಹೆಂಗಸು ಎಲ್ಲಿಗೆ ಓಡ್ತಾಳೆ? ಹೂವಿನ ಕವರನ್ನು ಎದೆಗೆ ಅವಚಿಕೊಂಡಳು, ಅಷ್ಟೇ. ನಾಯಿ ನೇರ ಮೈಮೇಲೆ ಹಾರಿತು. ನಾನು ಹಾಲಿನ ಪ್ಯಾಕೆಟ್ ಬಿಸಾಕಿ ಓಡಿ ಮುಟ್ಟುವಷ್ಟರಲ್ಲಿ ಅಮ್ಮ ನೆಲದ ಮೇಲಿದ್ದಳು, ಮೊಣಕೈ ಹತ್ತಿರ ರಕ್ತ ಬರ್ತಿತ್ತು, ಬಲಗೈ ಮಣಿಕಟ್ಟು ನೋಡಬಾರದ ಥರ ಸೊಟ್ಟಗಾಗಿತ್ತು. ನಾಯಿಯನ್ನು ಅವರು ಹಿಡಿದುಕೊಂಡರು ಅನ್ನಿ. ಆದರೆ ಬಾಯಿಂದ ಮೊದಲು ಬಂದ ಮಾತು ಏನು ಗೊತ್ತಾ? "ವ್ಯಾಕ್ಸಿನ್ ಎಲ್ಲ ಆಗಿದೆ ಸಾರ್." ಎರಡನೆಯದು, "ಇವತ್ತಿನವರೆಗೂ ಯಾರಿಗೂ ಏನೂ ಮಾಡಿಲ್ಲ." ಮೂರನೆಯದು, "ಆಂಟಿ ಕವರ್ ಎತ್ತಿಕೊಂಡ್ರಲ್ಲ, ತಿಂಡಿ ಇದೆ ಅಂದ್ಕೊಳ್ತು ಪಾಪ." 'ಪಾಪ' ಅಂದದ್ದು ನಾಯಿಗೆ.

ಎದುರು ಮನೆಯವರು ನಲ್ಲಿ ಬಿಟ್ಟುಕೊಟ್ಟರು. ಬೂತಿನ ಹುಡುಗ ಸೋಪು ತಂದುಕೊಟ್ಟ. ಹರಿಯೋ ನೀರಿನಲ್ಲಿ ಹದಿನೈದು ನಿಮಿಷ ಸೋಪು ಹಾಕಿ ತೊಳೆಯಬೇಕು ಅನ್ನೋದು ನನಗೆ ಗೊತ್ತಿತ್ತು, ಹೇಗೆ ಗೊತ್ತಿತ್ತು ಅಂತ ಆಮೇಲೆ ಹೇಳ್ತೀನಿ. ಹದಿನೈದು ನಿಮಿಷ ಎಷ್ಟು ದೀರ್ಘ ಅನ್ನೋದು ಮುರಿದ ಕೈಯ ಅಮ್ಮನನ್ನು ನಲ್ಲಿಯ ಕೆಳಗೆ ಕೂರಿಸಿಕೊಂಡಾಗ ಗೊತ್ತಾಗುತ್ತೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ, ಆರು ವಾರದ ಪ್ಲಾಸ್ಟರು. ರಕ್ತ ಬಂದಿದ್ದರಿಂದ ಗಾಯದ ಸುತ್ತಲೂ ಚುಚ್ಚಿ ಇಮ್ಯುನೋಗ್ಲಾಬ್ಯುಲಿನ್, ಜೊತೆಗೆ ತೋಳಿಗೆ ರೇಬೀಸ್ ಲಸಿಕೆ. ಮೊದಲ ದಿನ, ಆಮೇಲೆ 3, 7, 14, 28ನೇ ದಿನ. ನಾಯಿಗೆ ವ್ಯಾಕ್ಸಿನ್ ಆಗಿದ್ದರೂ ಬೇಕಾ ಅಂತ ಕೇಳಿದೆ. ಕಾರ್ಡು ತೋರಿಸಿದ್ದಾರಾ ಅಂತ ಡಾಕ್ಟರು ತಿರುಗಿ ಕೇಳಿದರು. ಇರಲಿಲ್ಲ. ಇದು ಬಂದರೆ ಔಷಧಿ ಇಲ್ಲದ ಕಾಯಿಲೆ, ಅದೃಷ್ಟ ಪರೀಕ್ಷೆ ಮಾಡೋದು ಬೇಡ ಅಂದರು.

ಅವತ್ತು ರಾತ್ರಿ ನನ್ನ ತಲೆ ಕುದೀತಿತ್ತು. ಪೊಲೀಸ್ ಕಂಪ್ಲೇಂಟು, ಲಾಯರ್ ನೋಟೀಸು, ಏನೇನೋ ಲೆಕ್ಕ ಹಾಕ್ತಾ ಜೋರಾಗಿ ಬೈತಾ ಓಡಾಡ್ತಿದ್ದೆ. ಅಮ್ಮ ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಸುಮ್ಮನೆ ನೋಡ್ತಿದ್ದವಳು, "ಪುಟ್ಟಿಗೆ ಆಗಿದ್ದು ಮರೆತೋಯ್ತಾ ನಿಂಗೆ?" ಅಂದಳು.

ಮರೆತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ ಅಷ್ಟೇ.

1988ರ ಬೇಸಿಗೆ ರಜೆ. ನನಗೆ ಹತ್ತು ವರ್ಷ. ಸಾಗರದ ಕಡೆ ನಮ್ಮೂರು, ತೋಟದ ಅಂಚಿನ ಮನೆ. ನಮ್ಮನೇಲಿ ಕರಿಯ ಅಂತ ಒಂದು ನಾಯಿ ಇತ್ತು, ಅಪ್ಪಟ ಊರನಾಯಿ. ಬೆಳಿಗ್ಗೆಯಿಂದ ಸಂಜೆವರೆಗೆ ಕೊಟ್ಟಿಗೆ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿರೋದು, ಎಲ್ಲರೂ ಉಂಡು ಮಲಗುವ ಹೊತ್ತಿಗೆ ಬಿಡೋದು. ರಾತ್ರಿ ಹಂದಿ ಕಾಯೋದು ಅದರ ಕೆಲಸ. ಹಗಲು ಬಿಡಬಾರದು ಅನ್ನೋದು ಅಪ್ಪನ ಕಾನೂನು. ಅವತ್ತು ಮಧ್ಯಾಹ್ನ ಅಪ್ಪ ಮಲಗಿದ್ದಾಗ ನಾನು ಸರಪಳಿ ಬಿಚ್ಚಿದೆ. ಯಾಕೆ ಅಂದರೆ, ಕರಿಯ ನನ್ನ ದೋಸ್ತ್. ಅವನ ಬಾಯೊಳಗೆ ಕೈ ಹಾಕಿ ಮೂಳೆ ಕಿತ್ತುಕೊಳ್ಳೋವಷ್ಟು ಸಲುಗೆ ನನಗೆ.

ಕೆಳಮನೆ ಪುಟ್ಟಿ, ಏಳು ವರ್ಷದವಳು, ಮಜ್ಜಿಗೆಗೆ ತಂಬಿಗೆ ಹಿಡಿದುಕೊಂಡು ಬಂದಳು. ಕರಿಯ ಬಿಟ್ಟಿರೋದು ಕಂಡು ದಣಪೆಯ ಆಚೆಯೇ ನಿಂತಳು. ನಿಂತವಳನ್ನು ಕರೆದದ್ದು ನಾನು. "ಏನೂ ಮಾಡಲ್ಲ, ಬಾರೇ!" ಅವಳು ನನ್ನ ಮುಖ ನೋಡಿದಳು, ಕರಿಯನನ್ನು ನೋಡಿದಳು, ದಣಪೆ ದಾಟಿದಳು.

ಮೀನಖಂಡಕ್ಕೆ ಬಾಯಿ ಹಾಕಿದ. ನಾನು ಕೂಗಿದೆ, ಬಾಲ ಹಿಡಿದು ಎಳೆದೆ, ಬಿಡಲಿಲ್ಲ. ಅಪ್ಪ ಎದ್ದು ಬಂದು ಬಿಡಿಸಿದ. ಗಾಯಕ್ಕೆ ಸುಣ್ಣ ಹಚ್ಚಿ, ಮೆಣಸಿನಪುಡಿ ತುಂಬಿ ಅಂತ ಸೇರಿದವರೆಲ್ಲ ಒಂದೊಂದು ಹೇಳಿದರು. ಅಪ್ಪ ಯಾರ ಮಾತೂ ಕೇಳದೆ ಬಾವಿಕಟ್ಟೆಯಲ್ಲಿ ಅವಳನ್ನು ಕೂರಿಸಿ, ಕೊಡಗಟ್ಟಲೆ ನೀರು ಸುರಿದು ಬಟ್ಟೆ ಸೋಪಿನಲ್ಲಿ ತೊಳೆದ. ನೀರು ಸೇದಿಕೊಟ್ಟವನು ನಾನು. ಹದಿನೈದು ನಿಮಿಷದ ಪಾಠ ಆಗಿದ್ದು ಅಲ್ಲಿ.

ಆಗಿನ ಇಂಜೆಕ್ಷನ್ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಹೊಕ್ಕುಳ ಸುತ್ತ ಹದಿನಾಲ್ಕು, ದಿನಕ್ಕೊಂದು. ಕುರಿಯ ಮಿದುಳಿನಿಂದ ತಯಾರಿಸ್ತಿದ್ದ ಲಸಿಕೆ ಅದು. ಅಪರೂಪಕ್ಕೆ ಅದರಿಂದಲೇ ಲಕ್ವ ಹೊಡೆಯೋದೂ ಇತ್ತು. ನಮ್ಮ ದೇಶದಲ್ಲಿ ಅದನ್ನು ಪೂರ್ತಿ ನಿಲ್ಲಿಸಿದ್ದು 2004ರ ಕೊನೆಗೆ. ಅಪ್ಪ ಪುಟ್ಟಿಯನ್ನು ದಿನಾ ಬೆಳಗಿನ ಬಸ್ಸಿನಲ್ಲಿ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದ. ನನ್ನನ್ನೂ ಕರೆದುಕೊಂಡು ಹೋದ, ಹದಿನಾಲ್ಕೂ ದಿನ. ಹೊಡೀಲಿಲ್ಲ, ಬೈಲಿಲ್ಲ. ಬಸ್ಸಿನಲ್ಲಿ ಅವಳ ಪಕ್ಕ ಕೂರಿಸ್ತಿದ್ದ. ಬಾಗಿಲಾಚೆ ನಿಂತು ಅವಳು ಕಿರುಚೋದು ಕೇಳಬೇಕಿತ್ತು. ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತೆ.

ಡಾಕ್ಟರು ಇನ್ನೊಂದು ಕೆಲಸ ಹೇಳಿದ್ದರು. ನಾಯಿಯನ್ನು ಕಟ್ಟಿಹಾಕಿ ಹತ್ತು ದಿನ ನೋಡ್ತಾ ಇರಿ, ಅಷ್ಟರಲ್ಲಿ ಸತ್ತರೆ ಹುಚ್ಚು ಅಂತ ತಿಳೀಬೇಕು. ಆ ಕೆಲಸ ನನಗೆ. ಬೆಳಿಗ್ಗೆ ಎದ್ದು ಮುಖಾನೂ ತೊಳೆಯದೆ ಕೊಟ್ಟಿಗೆಗೆ ಓಡೋದು, ತಟ್ಟೆಗೆ ನೀರು ಹಾಕಿ ಕರಿಯ ಕುಡೀತಾನಾ ಅಂತ ಉಸಿರು ಬಿಗಿಹಿಡಿದು ನೋಡೋದು. ಅವನು ನಾಲಿಗೆಯಲ್ಲಿ ಲಪಲಪ ನೀರು ಕುಡಿಯೋ ಸದ್ದಿಗೆ ನನಗೆ ಅಳು ಬರ್ತಿತ್ತು. ಹತ್ತು ದಿನ ಕಳೀತು, ಕರಿಯ ಗಟ್ಟಿಮುಟ್ಟಾಗಿದ್ದ. ಆದರೂ ನಾಲ್ಕು ಇಂಜೆಕ್ಷನ್ ಬಿಟ್ಟುಬಿಡೋ ಧೈರ್ಯ ಯಾರಿಗೂ ಬರಲಿಲ್ಲ. ಪೂರ್ತಿ ಹಾಕಿಸಿದರು. ಅಪ್ಪ ಮೊದಲ ದಿನವೇ ಪುಟ್ಟಿಯ ಮನೆ ಅಂಗಳದಲ್ಲಿ ನಿಂತು ಅವಳಪ್ಪನಿಗೆ ಹೇಳಿದ್ದು ಒಂದೇ ಮಾತು. "ನಾಯಿ ನಂದು. ತಪ್ಪೂ ನಂದೇ." ಬಿಚ್ಚಿದ್ದು ನಾನು ಅಂತ ಅಲ್ಲಿ ಹೇಳಲೇ ಇಲ್ಲ.

ನಾನು ಪುಟ್ಟಿಗೆ ಸುಳ್ಳು ಹೇಳಿರಲಿಲ್ಲ ನೋಡಿ. ಕರಿಯ ಏನೂ ಮಾಡಲ್ಲ ಅನ್ನೋದು ನನಗೆ ಗೊತ್ತಿದ್ದ ಸತ್ಯ. ನನಗೆ ಏನೂ ಮಾಡ್ತಿರಲಿಲ್ಲ. ಪಾರ್ಕಿನ ಯಜಮಾನರೂ ಸುಳ್ಳು ಹೇಳಲಿಲ್ಲ. ಅವರ ಸೋಫಾದ ಮೇಲೆ, ಅವರ ಮಕ್ಕಳ ಜೊತೆ ಮಲಗೋ ನಾಯಿ ಅದು. ನಾಯಿಯ ಬಗ್ಗೆ ಅತ್ಯಂತ ಕಡಿಮೆ ಗೊತ್ತಿರೋದು ಅದನ್ನು ಸಾಕಿದವರಿಗೇ ಇರಬೇಕು, ಯಾಕೆಂದರೆ ಅಪರಿಚಿತರ ಎದುರು ಅದು ಹೇಗೆ ಕಾಣುತ್ತೆ ಅಂತ ಅಪರಿಚಿತರಾಗಿ ನಿಂತು ನೋಡೋ ಅವಕಾಶ ಅವರಿಗೆ ಯಾವತ್ತೂ ಸಿಗಲ್ಲ. ಮನೆಯವರ ಮಟ್ಟಿಗೂ ಅದು ಖಾತ್ರಿಯಲ್ಲ ಬಿಡಿ. 2022ರ ಜುಲೈನಲ್ಲಿ ಲಖನೌನಲ್ಲಿ ಎಂಬತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರನ್ನು ಕೊಂದದ್ದು ಅವರ ಮಗ ಸಾಕಿದ್ದ ಪಿಟ್‌ಬುಲ್.

ಅಂಥ ಪ್ರಕರಣಗಳ ಬಿಸಿಯಲ್ಲೇ ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ಪಟ್ಟಿ ಮಾಡಿ ನಿಷೇಧಿಸಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರನ್ನು ಕೇಳದೇ ಮಾಡಿದ್ದು ಅಂತ ನಮ್ಮ ಹೈಕೋರ್ಟು ಏಪ್ರಿಲಿನಲ್ಲೇ ಅದನ್ನು ರದ್ದು ಮಾಡಿತು. ಸರಿಯಾಗೇ ಮಾಡಿತು ಅಂತ ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ 1991ರಿಂದ ತಳಿ ನಿಷೇಧದ ಕಾನೂನಿದೆ. ಪಟ್ಟಿಯಲ್ಲಿ ಇಲ್ಲದ ಎಕ್ಸ್‌ಎಲ್ ಬುಲ್ಲಿ ಅನ್ನೋ ಹೊಸ ನಾಯಿ ಬಂದು ಜನರನ್ನು ಕೊಲ್ಲತೊಡಗಿದ ಮೇಲೆ, 2023ರ ಕೊನೆಗೆ ಅದನ್ನೂ ಸೇರಿಸಬೇಕಾಯಿತು. ಯಾವ ಪಟ್ಟಿ ಮಾಡಿದರೂ ನಮ್ಮ ಕರಿಯ ಅದರಲ್ಲಿ ಇರ್ತಿರಲಿಲ್ಲ. ಆದರೆ ನಮ್ಮ ಹೈಕೋರ್ಟು ಅದೇ ತೀರ್ಪಿನಲ್ಲಿ, ನಾಯಿ ಕಚ್ಚಿದರೆ ಚಿಕಿತ್ಸೆಯ ಪೂರ್ತಿ ಖರ್ಚು, ಪರಿಹಾರ ಎಲ್ಲಕ್ಕೂ ಸಾಕಿದವರೇ ಹೊಣೆ ಅಂತಲೂ ಹೇಳಿತ್ತು. ನಾಯಿಪ್ರಿಯ ಗೆಳೆಯರು ತೀರ್ಪಿನ ಮೊದಲರ್ಧ ಮಾತ್ರ ವಾಟ್ಸಾಪಿನಲ್ಲಿ ಹಂಚಿದರು.

ಹಾಗಂತ ಕಾನೂನು ಇಲ್ಲದೇ ಇಲ್ಲ. ತನ್ನ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದವರಿಗೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಂತ ಬ್ರಿಟಿಷರ ಕಾಲದಿಂದ ಇದೆ. ಹಳೆಯ ಐಪಿಸಿಯಲ್ಲಿ 289ನೇ ಸೆಕ್ಷನ್, ದಂಡ ಸಾವಿರ ರೂಪಾಯಿವರೆಗೆ. 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 291, ದಂಡ ಐದು ಸಾವಿರದವರೆಗೆ. ಅಮ್ಮನ ಒಂದು ದಿನದ ಆಸ್ಪತ್ರೆ ಬಿಲ್ಲೇ ಅದಕ್ಕಿಂತ ಜಾಸ್ತಿ ಇತ್ತು.

ನಾನು ಕಂಪ್ಲೇಂಟು ಕೊಡಲಿಲ್ಲ. ಅಮ್ಮ ಬೇಡ ಅಂದಳು. ಬದಲಿಗೆ ಅವರ ಮನೆಗೆ ಹೋಗಿ ಬಿಲ್ಲುಗಳನ್ನು ಮೇಜಿನ ಮೇಲಿಟ್ಟು, ಪುಟ್ಟಿಯ ಕಥೆ ಹೇಳಿದೆ. ಬಿಚ್ಚಿದವನು ನಾನೇ ಅನ್ನೋದನ್ನೂ ಸೇರಿಸಿ. ಅವರು ತಲೆ ತಗ್ಗಿಸಿ ಕೇಳಿದರು. ದುಡ್ಡು ಅಲ್ಲೇ ಕೂತು ಫೋನಿನಲ್ಲಿ ಕಳಿಸಿದರು, ಒಂದು ರೂಪಾಯಿ ಚೌಕಾಸಿ ಇಲ್ಲದೆ. ಇನ್ನುಮುಂದೆ ಚೈನು ಇಲ್ಲದೆ ಗೇಟು ದಾಟಿಸಲ್ಲ ಅಂದರು. ಬಾಯಿಗೆ ಕುಕ್ಕೆ ಹಾಕಿ ಅಂತ ಕೇಳಿದೆ. ಪಾಪ, ಅದಕ್ಕೆ ಹಿಂಸೆ ಅಂದರು. ಕಂಪ್ಲೇಂಟು ಕೊಡದೇ ಇದ್ದದ್ದು ಸರಿಯಾ ಅಂತ ನನಗೆ ಇವತ್ತಿಗೂ ಖಚಿತ ಇಲ್ಲ.

ಅಮ್ಮನ ಸುದ್ದಿ ತಿಳಿದು ಪುಟ್ಟಿ ಫೋನ್ ಮಾಡಿದ್ದಳು. ಈಗ ಶಿವಮೊಗ್ಗದಲ್ಲಿದ್ದಾಳೆ, ಅವಳ ಮಗಳು ಕಾಲೇಜು. ಅಮ್ಮನಿಗೆ ಅವಳು ಮೊದಲು ಕೇಳಿದ್ದು, "ಅತ್ತೆ, ಈಗ ಇಂಜೆಕ್ಷನ್ ಎಲ್ಲಿಗೆ ಕೊಡ್ತಾರೆ?" ತೋಳಿಗೆ ಅಂದಾಗ, "ಪುಣ್ಯ" ಅಂದಳಂತೆ. ಆಮೇಲೆ ನನ್ನ ಹತ್ತಿರವೂ ಮಾತಾಡಿದಳು. ನಾಯಿಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ರಾಟ್‌ವೀಲರ್ ಈಗಲೂ ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ವಾಕಿಂಗ್ ಬರುತ್ತೆ. ಕೊರಳಲ್ಲಿ ಚೈನು ಇದೆ, ಮಾತು ಉಳಿಸಿಕೊಂಡಿದ್ದಾರೆ. ಆದರೆ ಚೈನಿನ ಇನ್ನೊಂದು ತುದಿಯಲ್ಲಿ ಅವರಿಲ್ಲ. ಮನೆಗೆಲಸಕ್ಕೆ ಇಟ್ಟುಕೊಂಡ ಹುಡುಗ ಇದ್ದಾನೆ, ಈಗಷ್ಟೇ ಮೀಸೆ ಮೂಡ್ತಿರೋನು, ಸಣಕಲು ಆಳು. ತೂಕದಲ್ಲಿ ನಾಯಿಯೂ ಅವನೂ ಹೆಚ್ಚುಕಮ್ಮಿ ಸಮ ಇರಬಹುದು. ಚೈನನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ಹಿಂದಕ್ಕೆ ವಾಲಿಕೊಂಡೇ ನಡೀತಾನೆ. ಮೊನ್ನೆ ನಿಲ್ಲಿಸಿ ಕೇಳಿದೆ, "ಜೋರಾಗಿ ಎಳೆದ್ರೆ ಹಿಡ್ಕೊಳ್ಳೋಕಾಗುತ್ತೇನೋ?"

"ಗೊತ್ತಿಲ್ಲ ಅಣ್ಣ" ಅಂದ. "ಏನೂ ಮಾಡಲ್ಲ ಅಂತ ಸಾರ್ ಹೇಳಿದಾರೆ."

ಈ ಭಾನುವಾರ ಮತ್ತೆ ಅವರ ಮನೆಗೆ ಹೋಗೋದಿದೆ. ಈ ಸಲ ಗೇಟಿನ ಹೊರಗೇ ನಿಂತು ಮಾತಾಡಿ ಬರ್ತೀನಿ.