ಹೆಸರಿಗಾಗಿ ಕಾದ ಮಗು

ನವೆಂಬರ್ ತಿಂಗಳ ಎರಡನೆಯ ದಿನ ನಮ್ಮ ಸಮಾಧಿ ಭೂಮಿಗಳು ಜನರಿಂದ ತುಂಬಿರುತ್ತವೆ. ಕಲ್ಲರೆಗಳನ್ನು ತೊಳೆದು, ಸೇವಂತಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಕುಟುಂಬಗಳು ಪ್ರಾರ್ಥಿಸುತ್ತವೆ. ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ ಪವಿತ್ರ ಜಲ ಪ್ರೋಕ್ಷಿಸುತ್ತಾ ಆ ಸಾಲುಗಳ ನಡುವೆ ನಡೆದಿರುವ ನಾನು ಒಂದು ಸಂಗತಿಯನ್ನು ಗಮನಿಸಿದ್ದೇನೆ. ಕಲ್ಲಿನ ಮೇಲೆ ಎಷ್ಟೇ ಧೂಳಿದ್ದರೂ ಜನರ ಕೈ ಮೊದಲು ಹೋಗುವುದು ಕೆತ್ತಿದ ಹೆಸರಿನ ಮೇಲೆ. ಹೆಸರು ಕಂಡ ಮೇಲೆಯೇ ಅವರು ಕಣ್ಣು ಮುಚ್ಚಿ ಕೈಮುಗಿಯುತ್ತಾರೆ.

ಹೆಸರೇ ಇಲ್ಲದ ಸಮಾಧಿಯ ಮುಂದೆ ಏನೆಂದು ಪ್ರಾರ್ಥಿಸುವುದು? ಅಮೆರಿಕದ ಫಿಲಡೆಲ್ಫಿಯಾ ನಗರದ ಜನರು ಅರವತ್ತೈದು ವರ್ಷಗಳ ಕಾಲ ಈ ಪ್ರಶ್ನೆಯನ್ನು ಎದುರಿಸಿದರು.

1957ರ ಫೆಬ್ರವರಿ ತಿಂಗಳ ಕೊನೆಯ ದಿನಗಳು. ಆ ನಗರದ ಫಾಕ್ಸ್ ಚೇಸ್ ಎಂಬ ಪ್ರದೇಶದಲ್ಲಿ, ರಸ್ತೆಯ ಬದಿಯ ಪೊದೆಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆ ಬಿದ್ದಿತ್ತು. ಹಸುಗೂಸಿನ ತೊಟ್ಟಿಲನ್ನು ತುಂಬಿ ಮಾರಲಾಗಿದ್ದ ಪೆಟ್ಟಿಗೆ ಅದು. ಅದರೊಳಗೆ ಚೌಕಳಿ ಕಂಬಳಿಯಲ್ಲಿ ಸುತ್ತಿದ್ದ, ಮೈಮೇಲೆ ಬಟ್ಟೆಯಿಲ್ಲದ ಒಬ್ಬ ಬಾಲಕನ ಶವವಿತ್ತು. ವಯಸ್ಸು ನಾಲ್ಕರಿಂದ ಆರು ಇರಬಹುದೆಂದು ವೈದ್ಯರು ಅಂದಾಜಿಸಿದರು. ಹೊಟ್ಟೆ ತುಂಬ ಉಂಡು ಬೆಳೆದ ಮೈ ಅದಾಗಿರಲಿಲ್ಲ. ಹೊಡೆತಗಳಿಂದ ಪ್ರಾಣ ಹೋಗಿತ್ತು. ತಲೆಗೂದಲನ್ನು ಯಾರೋ ಆಗಷ್ಟೇ ಒರಟಾಗಿ ಕತ್ತರಿಸಿದ್ದರು. ಕೂದಲ ಎಳೆಗಳು ಇನ್ನೂ ಮೈಗೆ ಅಂಟಿಕೊಂಡಿದ್ದವು.

ಪೊಲೀಸರು ಕೈಕಟ್ಟಿ ಕೂರಲಿಲ್ಲ. ಪೆಟ್ಟಿಗೆ ಯಾವ ಅಂಗಡಿಯದೆಂದು ಹುಡುಕಿದರು, ಕೊಂಡವರನ್ನು ವಿಚಾರಿಸಿದರು. ಬಾಲಕನ ಮುಖದ ಚಿತ್ರವಿದ್ದ ಸುಮಾರು 4,00,000 ಕರಪತ್ರಗಳನ್ನು ಅಚ್ಚು ಹಾಕಿಸಿದರು. ಮನೆಮನೆಗೆ ಹೋಗುವ ಅಡುಗೆ ಅನಿಲದ ಬಿಲ್ಲಿನ ಜೊತೆಯಲ್ಲೂ ಅವನ್ನು ಕಳುಹಿಸಿದರು. ಆದರೆ ಈ ಬಾಲಕನಿಗೆ ಹೊಂದುವ ಕಾಣೆಯಾದ ದೂರು ಒಂದೂ ಸಿಗಲಿಲ್ಲ. 'ಈ ಮಗು ನಮ್ಮದು' ಎಂದು ಯಾರೂ ಮುಂದೆ ಬರಲಿಲ್ಲ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಮೌನ. ಆ ಮಗು ಆಕಾಶದಿಂದ ಉದುರಿದ್ದಲ್ಲ. ಅವನಿಗೆ ಒಬ್ಬ ತಾಯಿ ಜನ್ಮವಿತ್ತಿದ್ದಳು. ಮೈಮೇಲೆ ಶಸ್ತ್ರಚಿಕಿತ್ಸೆಯ ಗುರುತುಗಳಿದ್ದವು. ಅಂದರೆ ಯಾರೋ ವೈದ್ಯರು ಅವನನ್ನು ಮುಟ್ಟಿ ನೋಡಿದ್ದರು. ಯಾವುದೋ ಮನೆಯಲ್ಲಿ ಅವನು ಅತ್ತಿದ್ದ. ಆ ಮನೆಗೆ ನೆರೆಹೊರೆಯೂ ಇದ್ದಿರಲೇಬೇಕು. ಪೆಟ್ಟಿಗೆಯನ್ನು ಮೊದಲು ಕಂಡ ಯುವಕನೊಬ್ಬ, ತಾನು ಇಟ್ಟಿದ್ದ ಬೇಟೆಯ ಬೋನುಗಳನ್ನು ಪೊಲೀಸರು ಕಿತ್ತುಕೊಂಡಾರೆಂಬ ಭಯದಿಂದ ಸುಮ್ಮನಾದ. ಕೆಲವು ದಿನಗಳ ನಂತರ ಕಂಡ ಒಬ್ಬ ವಿದ್ಯಾರ್ಥಿಯೂ ಒಂದು ದಿನ ಹಿಂಜರಿದು, ಆಮೇಲೆ ತಿಳಿಸಿದ. ಫಿಲಡೆಲ್ಫಿಯಾ ಎಂಬ ಗ್ರೀಕ್ ಹೆಸರಿಗೆ 'ಸೋದರಪ್ರೇಮ' ಎಂದು ಅರ್ಥ. ಆ ಹೆಸರನ್ನು ಹೊತ್ತ ನಗರದಲ್ಲಿ ಒಂದು ಮಗುವಿಗೆ ಹೆಸರಿಲ್ಲವಾಯಿತು.

ದಿಕ್ಕಿಲ್ಲದವರನ್ನು ಹೂಳುವ ಜಾಗದಲ್ಲಿ ಅವನನ್ನು ಹೂಳಲಾಯಿತು. ಇಂಥ ಜಾಗವನ್ನು ಇಂಗ್ಲಿಷಿನಲ್ಲಿ 'ಕುಂಬಾರನ ಹೊಲ' ಎಂದೇ ಕರೆಯುತ್ತಾರೆ. ಯೂದನು ಹಿಂದಿರುಗಿಸಿದ ಬೆಳ್ಳಿ ನಾಣ್ಯಗಳಿಂದ ಪರದೇಶಿಗಳ ಶವಸಂಸ್ಕಾರಕ್ಕೆಂದು ಕೊಂಡ ಹೊಲದ ನೆನಪು ಅದು. ತನಿಖೆಯಲ್ಲಿದ್ದ ಪೊಲೀಸರೇ ಹಣ ಕೂಡಿಸಿ ಅಲ್ಲೊಂದು ಕಲ್ಲು ನಿಲ್ಲಿಸಿದರು. ಈ ಅಜ್ಞಾತ ಬಾಲಕನನ್ನು ಆಶೀರ್ವದಿಸೆಂದು ಪರಲೋಕದ ಪಿತನನ್ನು ಬೇಡುವ ಮಾತು ಅದರ ಮೇಲಿತ್ತು.

ಬಲ್ಲವರು ಬಾಯಿ ಮುಚ್ಚಿಕೊಂಡಿದ್ದಾಗ, ಯಾವ ಸಂಬಂಧವೂ ಇಲ್ಲದವರು ಆ ಮಗುವಿನ ಬಂಧುಗಳಾದರು. ಶವಪರೀಕ್ಷಾ ಇಲಾಖೆಯ ತನಿಖಾಧಿಕಾರಿ ರೆಮಿಂಗ್ಟನ್ ಬ್ರಿಸ್ಟೋ ಅವರು 1993ರಲ್ಲಿ ತಾವು ಸಾಯುವವರೆಗೂ, ನಿವೃತ್ತಿಯ ನಂತರವೂ, ಈ ಹುಡುಕಾಟವನ್ನು ಬಿಡಲಿಲ್ಲ. 1998ರಲ್ಲಿ ಡಿಎನ್‌ಎ ಪರೀಕ್ಷೆಗಾಗಿ ಅವಶೇಷಗಳನ್ನು ಹೊರತೆಗೆದು, ಐವಿ ಹಿಲ್ ಸಮಾಧಿ ಭೂಮಿಯಲ್ಲಿ ಗೌರವದಿಂದ ಮತ್ತೆ ಹೂಳಿದರು. ಆಗ ಶವಪೆಟ್ಟಿಗೆಯನ್ನೂ ಕಲ್ಲನ್ನೂ ದಾನವಾಗಿ ಕೊಟ್ಟವರು, 1957ರಲ್ಲಿ ಆ ಬಾಲಕನನ್ನು ಹೂಳಿದ್ದ ವ್ಯಕ್ತಿಯ ಮಗ. ತಂದೆ ಮಾಡಿದ ಪುಣ್ಯಕಾರ್ಯವನ್ನು ಮಗ ಮುಂದುವರಿಸಿದ್ದ.

ಗುರುಮಠದಲ್ಲಿ ನಾವು ಕಲಿತ ದಯಾಕಾರ್ಯಗಳ ಪಟ್ಟಿಯಲ್ಲಿ ಮೃತರನ್ನು ಹೂಳುವುದೂ ಒಂದು. ಪಾಠ ಹೇಳುತ್ತಿದ್ದ ಗುರುಗಳು ಅದಕ್ಕೆ ತೊಬೀತನ ಉದಾಹರಣೆ ಕೊಡುತ್ತಿದ್ದರು. ನಿನೆವೆಯಲ್ಲಿ ಗಡೀಪಾರಾಗಿದ್ದ ತೊಬೀತ ಹಬ್ಬದ ಊಟಕ್ಕೆ ಕುಳಿತಿದ್ದಾಗ, ತನ್ನ ಜನಾಂಗದವನೊಬ್ಬ ಕೊಲೆಯಾಗಿ ಸಂತೆಬೀದಿಯಲ್ಲಿ ಬಿದ್ದಿದ್ದಾನೆಂದು ಸುದ್ದಿ ಬರುತ್ತದೆ. ಅವನು ಊಟ ಬಿಟ್ಟು ಎದ್ದು ಶವವನ್ನು ತಂದಿರಿಸಿ, ಸೂರ್ಯ ಮುಳುಗಿದ ಮೇಲೆ ಹೂಳುತ್ತಾನೆ. ನೆರೆಯವರು ಅವನನ್ನು ಹಾಸ್ಯ ಮಾಡುತ್ತಾರೆ. ಸತ್ತವನ ಹೆಸರನ್ನಾಗಲಿ ಕೊಂದವನ ಹೆಸರನ್ನಾಗಲಿ ಆ ಗ್ರಂಥ ಹೇಳುವುದಿಲ್ಲ. ಊಟ ಬಿಟ್ಟು ಎದ್ದವನ ಹೆಸರು ಮಾತ್ರ ಉಳಿದಿದೆ.

2019ರಲ್ಲಿ ಆ ಸಮಾಧಿಯನ್ನು ಮತ್ತೊಮ್ಮೆ ತೆರೆಯಲಾಯಿತು. ಡಿಎನ್‌ಎ ಬಹಳ ಕ್ಷೀಣಿಸಿತ್ತು. ವಿಜ್ಞಾನಿಗಳು ಅದನ್ನು ತಾಳ್ಮೆಯಿಂದ ಜೋಡಿಸಿ, ವಂಶಾವಳಿ ತಿಳಿಯಲು ಜನರು ತಾವಾಗಿ ಕೊಟ್ಟ ಮಾದರಿಗಳ ಜೊತೆ ಹೋಲಿಸಿ ದೂರದ ಬಂಧುಗಳನ್ನು ಗುರುತಿಸಿದರು. ಅಲ್ಲಿಂದ ತಾಯಿಯ ಕಡೆಗೆ, ತಾಯಿಯಿಂದ ಜನನ ದಾಖಲೆಯ ಕಡೆಗೆ ದಾರಿ ಸಿಕ್ಕಿತು. 2022ರ ಡಿಸೆಂಬರ್ 8ರಂದು, ನಮಗೆ ಅದು ಅಮಲೋದ್ಭವಿ ಮಾತೆಯ ಹಬ್ಬ, ಪೊಲೀಸರು ಆ ಹೆಸರನ್ನು ಲೋಕಕ್ಕೆ ತಿಳಿಸಿದರು: ಜೋಸೆಫ್ ಅಗಸ್ಟಸ್ ಝರೆಲ್ಲಿ. ಜನನ 1953ರ ಜನವರಿ 13. ಸಾಯುವಾಗ ಅವನಿಗೆ ನಾಲ್ಕು ವರ್ಷ. ತಂದೆ ತಾಯಿ ತೀರಿಹೋಗಿದ್ದರು, ಒಡಹುಟ್ಟಿದವರು ಬದುಕಿದ್ದರು. 2023ರ ಜನವರಿ 13ರಂದು, ಅವನ ಎಪ್ಪತ್ತನೆಯ ಹುಟ್ಟುಹಬ್ಬದ ದಿನ, ಸಮಾಧಿಯ ಮೇಲೆ ಹೆಸರಿರುವ ಕಲ್ಲನ್ನು ಅನಾವರಣಗೊಳಿಸಿದರು. ಕೊಂದವರು ಯಾರೆಂಬುದು ಮಾತ್ರ ಬಗೆಹರಿದಿಲ್ಲ.

ಯುವಜನರ ಕೂಟವೊಂದರಲ್ಲಿ ಈ ಸಂಗತಿಯನ್ನು ಹಂಚಿಕೊಂಡಾಗ ತರುಣನೊಬ್ಬ ಕೇಳಿದ: "ಫಾದರ್, ಕೊಂದವರು ಸಿಗಲಿಲ್ಲ. ಇಷ್ಟು ವರ್ಷಗಳ ಮೇಲೆ ಹೆಸರು ಸಿಕ್ಕಿ ಏನು ಪ್ರಯೋಜನ?" ನಾನು ಉತ್ತರ ಕೊಡುವ ಮೊದಲೇ ಹಿಂದೆ ಕುಳಿತಿದ್ದ ವೃದ್ಧ ತಾಯಿಯೊಬ್ಬರು, "ಹೆಸರಿಲ್ಲದಿದ್ರೆ ಯಾರ ಹೆಸರಲ್ಲಿ ಪೂಜೆಗೆ ಕೊಡೋದು ಸ್ವಾಮಿ?" ಎಂದರು.

ಆ ತಾಯಿಯ ಮಾತಿನಲ್ಲಿ ತೂಕವಿದೆ. ದೇವರಿಗೆ ಕರಪತ್ರಗಳೂ ಪರೀಕ್ಷೆಗಳೂ ಬೇಕಿಲ್ಲ. ತಮ್ಮ ಮಕ್ಕಳನ್ನು ಅವರು ಬಲ್ಲರು. ಹೆಸರು ಬೇಕಾಗಿರುವುದು ನಮಗೆ. ಹೆಸರಿಲ್ಲದ ಶವ ನಾಲ್ಕು ದಿನದ ಸುದ್ದಿಯಾಗುತ್ತದೆ. ಹೆಸರು ಸಿಕ್ಕ ಕ್ಷಣ ಅದು ಒಬ್ಬರ ಮಗ, ಇನ್ನೊಬ್ಬರ ತಮ್ಮ. 'ನಿನ್ನ ಸಹೋದರನೆಲ್ಲಿ?' ಎಂದು ದೇವರು ಕಾಯಿನನನ್ನು ಕೇಳಿದ ಪ್ರಶ್ನೆಯಿಂದ ಆಮೇಲೆ ನಾವು ತಪ್ಪಿಸಿಕೊಳ್ಳಲಾರೆವು. ಮನುಷ್ಯರ ನ್ಯಾಯಾಲಯ ಆ ಮಗುವಿಗೆ ಕೊಡಲಾಗದ ನ್ಯಾಯ ಬಹಳಷ್ಟಿದೆ. ಅವನನ್ನು ಮರೆಯಲು ಒಪ್ಪದವರು ತಮ್ಮ ಕೈಲಾದ ಪಾಲನ್ನು ಸಲ್ಲಿಸಿದ್ದಾರೆ.

ಪ್ರಿಯ ಓದುಗರೇ, ಸತ್ತ ಮೇಲೆ ಹೆಸರು ಹುಡುಕಲು ಅರವತ್ತೈದು ವರ್ಷ ಬೇಕಾಯಿತು. ಬದುಕಿದ್ದಾಗ ಹೆಸರು ಕೇಳಲು ಒಂದು ನಿಮಿಷ ಸಾಕಿತ್ತು. ನಮ್ಮ ಬೀದಿಯ ಬಾಡಿಗೆ ಮನೆಗೆ ಬಂದ ಕೂಲಿಯವರ ಮಗು, ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ಪುಟ್ಟ ಹುಡುಗಿ, ರಾತ್ರಿ ಗೋಡೆಯಾಚೆ ಅಳುವ ಕಂದ, ಇವರ ಹೆಸರು ನಮಗೆ ಗೊತ್ತಿದೆಯೇ? 'ಪರರ ಮನೆಯ ವಿಷಯ ನಮಗೇಕೆ' ಎಂಬ ಮಾತು ಎಷ್ಟೋ ಸಲ ಮರ್ಯಾದೆಯ ವೇಷ ತೊಟ್ಟ ಭಯ. ಮಗುವೊಂದು ಕಷ್ಟದಲ್ಲಿದೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ನಿಮ್ಮ ಧರ್ಮಕೇಂದ್ರದ ಗುರುಗಳಿಗೂ ಹೇಳಬಹುದು.

ಪ್ರಕಟನಾ ಗ್ರಂಥದಲ್ಲಿ ಏಳು ಸಭೆಗಳಿಗೆ ಬರೆದ ಪತ್ರಗಳಿವೆ. ಅವುಗಳಲ್ಲಿ ಒಂದು, ಇದೇ ಹೆಸರಿನ ಪುರಾತನ ಫಿಲಡೆಲ್ಫಿಯಾದ ಸಭೆಗೆ ಬರೆದದ್ದು. ಕೊನೆಯವರೆಗೆ ನಿಂತವನ ಮೇಲೆ ತನ್ನ ಹೊಸ ಹೆಸರನ್ನು ಬರೆಯುವೆನೆಂದು ಪ್ರಭು ಅಲ್ಲಿ ವಾಗ್ದಾನ ಮಾಡುತ್ತಾರೆ. ಪುಟ್ಟ ಜೋಸೆಫನಿಗಾಗಿ ನಾನು ಆ ಭಾಗವನ್ನು ಓದಿ ಪ್ರಾರ್ಥಿಸುತ್ತೇನೆ. ಈ ನವೆಂಬರಿನಲ್ಲಿ ನಿಮ್ಮವರ ಕಲ್ಲರೆಗೆ ಬತ್ತಿ ಹಚ್ಚುವಾಗ ಇನ್ನೊಂದು ಬತ್ತಿಯನ್ನೂ ತನ್ನಿ. ಸಮಾಧಿ ಭೂಮಿಯ ಮೂಲೆಯಲ್ಲಿ ಕಲ್ಲಿಲ್ಲದ, ಹೆಸರಿಲ್ಲದ ಮಣ್ಣಿನ ಗುಡ್ಡೆಯೊಂದು ಇದ್ದೇ ಇರುತ್ತದೆ. ಅದರ ಮುಂದೆ ಹಚ್ಚಿಡಿ.